ಬರೀ ಮುಖದ ದಿನ

1987 ಜನವರಿ 3, ಶನಿವಾರ

ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಅಂತ ಕೊಟ್ಟ ಡೈರಿ ಇದು. ಪ್ರತಿ ಪುಟದ ತಲೆಯ ಮೇಲೂ ಯೂರಿಯಾ ಮೂಟೆಯ ಚಿತ್ರ. ಅದನ್ನು ಬರೆದ ಮಹಾನುಭಾವನಿಗೆ ಮೂಟೆ ನೆಲದ ಮೇಲೆ ಹೇಗೆ ಕೂರುತ್ತದೆ ಅನ್ನುವುದೇ ಗೊತ್ತಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಮಂಚೇನಹಳ್ಳಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ತಪ್ಪು ಗೆರೆ ಕಂಡರೆ ಕೈ ತುರಿಸುತ್ತದೆ.

ಡೈರಿ ಬರೆಯುವ ಚಟ ನನಗಿಲ್ಲ. ಈ ಪುಸ್ತಕ ಒಂದೇ ಒಂದು ಕೆಲಸಕ್ಕೆ. ಶ್ಯಾಮಲ ಹೋಗಿ ಇವತ್ತಿಗೆ ನಾಲ್ಕು ತಿಂಗಳು ಹನ್ನೆರಡು ದಿನ. ಕಾಮಾಲೆ ಅಂದರು, ಮೂರು ವಾರಕ್ಕೆ ಮುಗಿದುಹೋಯಿತು. ಅವಳ ಮುಖ ನೆನಪಿದೆ, ಬೇಕಾದರೆ ಕಣ್ಣು ಮುಚ್ಚಿಕೊಂಡು ಬರೆದೇನು. ಆದರೆ ದೀಪಾವಳಿಯಿಂದ ಈಚೆಗೆ ಅವಳ ದನಿ ನೆನಪಾಗುತ್ತಿಲ್ಲ. ಹತ್ತೊಂಬತ್ತು ವರ್ಷ ಒಂದೇ ಸಮನೆ ಮಾತಾಡಿದ ಹೆಂಗಸು. ಅವಳ ಬಾಯಿಂದ ಬಂದ ಹಾಗೆ ಒಂದು ಪೂರ್ತಿ ಮಾತು ಹೇಳು ಅಂದರೆ ನನ್ನ ಹತ್ತಿರ ಇಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ನಾಚಿಕೆಯಾಗುತ್ತದೆ, ಹೆದರಿಕೆಯೂ ಆಗುತ್ತದೆ.

ಒಂದೊಂದು ಮಾತು ನೆನಪಾದ ಹಾಗೆಲ್ಲ ಇಲ್ಲಿ ಬರೆದಿಡಬೇಕು. ಬೇರೆ ಏನೂ ಬರೆಯುವುದಿಲ್ಲ.

ಜನವರಿ 4, ಭಾನುವಾರ

ಏನೂ ನೆನಪಾಗಲಿಲ್ಲ.

ಜನವರಿ 9, ಶುಕ್ರವಾರ

ಇವತ್ತೂ ಇಲ್ಲ.

ಪಕ್ಕದ ಮನೆ ಗಂಗುಲಮ್ಮನವರು ಹಿತಕಿದ ಬೇಳೆ ಸಾರು ತಂದುಕೊಟ್ಟರು. ಶ್ಯಾಮಲಳಿಗಿಂತ ಎಂಟು ಹತ್ತು ವರ್ಷ ದೊಡ್ಡವರು. ಪ್ರತಿ ಗುರುವಾರ ಇಬ್ಬರೂ ಬಸ್ಸು ಹತ್ತಿ ಗೌರಿಬಿದನೂರಿಗೆ ಮ್ಯಾಟಿನಿಗೆ ಹೋಗುತ್ತಿದ್ದರು. ಶುಕ್ರವಾರ ಸಿನಿಮಾ ಬದಲಾಗುತ್ತದೆ, ಗುರುವಾರ ಜನ ಕಮ್ಮಿ, ಅದಕ್ಕೆ. ನಾನು ಒಂದು ದಿನವೂ ಜತೆಗೆ ಹೋದವನಲ್ಲ. ಮೂರು ಗಂಟೆ ಕತ್ತಲಲ್ಲಿ ಕೂತು ಬಣ್ಣದ ಸುಳ್ಳು ನೋಡಿ ಬರುತ್ತೀಯಲ್ಲ, ಯಾರದೋ ದುಃಖಕ್ಕೆ ಟಿಕೆಟ್ ತಗೊಂಡು ಅಳುತ್ತೀಯಲ್ಲ ಅಂತ ಹೇಳುತ್ತಿದ್ದೆ. ನಾನು ಹೇಳುತ್ತಿದ್ದುದು ಅಕ್ಷರಕ್ಕಕ್ಷರ ನೆನಪಿದೆ. ಅವಳು ಏನು ಉತ್ತರ ಕೊಡುತ್ತಿದ್ದಳೋ ಅದೇ ಇಲ್ಲ.

ಜನವರಿ 19, ಸೋಮವಾರ

ಹೆಡ್ ಮೇಷ್ಟ್ರು ರಾಮಾಂಜಿನಪ್ಪನವರು ಕರೆಸಿದರು. ಬೆಂಗಳೂರಿನಿಂದ ಸಿನಿಮಾದವರು ಮೂರು ಜನ ಬಂದಿದ್ದಾರೆ. ಹಾಡು ಫೈಟು ಇರುವ ಸಿನಿಮಾ ಅಲ್ಲವಂತೆ, ಇಪ್ಪತ್ತು ನಿಮಿಷದ್ದು, ನಿಜವಾದ ಜನರನ್ನು ಇದ್ದದ್ದು ಇದ್ದ ಹಾಗೆ ತೋರಿಸುವಂಥದು. ಹಗಲುವೇಷದವರ ಮೇಲೆ ತೆಗೆಯುತ್ತಾರೆ. ಸುಗ್ಗಿ ಮುಗಿದ ಮೇಲೆ ವರ್ಷ ವರ್ಷವೂ ಬಂದು ಕೆರೆ ಏರಿಯ ಪಕ್ಕ ಗುಡಾರ ಹಾಕುತ್ತಾನಲ್ಲ ಕೋನಪ್ಪ, ಅವನೂ ಅವನ ಕಡೆಯವರೂ. ಬೆಳಗ್ಗೆ ಬಣ್ಣ ಹಚ್ಚಿಕೊಂಡು, ದೇವರೋ ದಫೇದಾರನೋ ಆಗಿ ಬೀದಿಬೀದಿ ಸುತ್ತಿ, ಕೊನೆಗೆ ಮನೆಮನೆಯಲ್ಲಿ ರಾಗಿ ಎತ್ತಿಕೊಂಡು ಮುಂದಿನ ಊರಿಗೆ ಹೋಗುವ ಜನ.

ಕೋನಪ್ಪನಿಗೆ ಬೀದಿಯ ಕನ್ನಡ ಬರುತ್ತದೆ, ಆದರೆ ಕಷ್ಟಸುಖ ಹೇಳಿಕೊಳ್ಳುವುದು ತೆಲುಗಿನಲ್ಲೇ. ಡೈರೆಕ್ಟರಿಗೆ ತೆಲುಗು ಬರುವುದಿಲ್ಲ. ನಿಮಗೆ ತೆಲುಗು ಬರುತ್ತೆ, ಹೆಂಗೂ ಕ್ಲಾಸು ಕಮ್ಮಿ, ಒಂದು ವಾರ ಅವರ ಜತೆ ಇದ್ದುಬಿಡಿ ಅಂದರು ಹೆಡ್ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರು ಅಂದರೆ ಎಲ್ಲರಿಗೂ ಸದರ. ಒಲ್ಲೆ ಅನ್ನಲಿಲ್ಲ. ಮನೆಯಲ್ಲಿ ಕೂತು ಮಾಡುವುದಾದರೂ ಏನಿದೆ?

ಡೈರೆಕ್ಟರಿಗೆ ಮೂವತ್ತರ ಆಸುಪಾಸು. ಎದೆಯವರೆಗೆ ಗಡ್ಡ, ಮಂಡಿಯ ಹತ್ತಿರ ಹರಿದ ಪ್ಯಾಂಟು, ಹೆಗಲಿಗೊಂದು ಜೋಳಿಗೆ. ಇವರನ್ನು ಜನ ಸೋಮಾರಿಗಳು, ಕಳ್ಳರು ಅಂತ ತಪ್ಪು ತಿಳಿದಿದ್ದಾರೆ, ನನ್ನ ಸಿನಿಮಾ ಅದನ್ನು ಹೋಗಲಾಡಿಸಬೇಕು ಅಂದರು. ಮಾತು ಒಳ್ಳೆಯದೇ. ನಿಜ ಹೇಳಬೇಕೆಂದರೆ ನನಗೂ ಆ ಜನದ ಮೇಲೆ ಅಂಥ ಗೌರವವೇನೂ ಇರಲಿಲ್ಲ.

ಜನವರಿ 20, ಮಂಗಳವಾರ

ಗುಡಾರದ ಮುಂದೆ ಕ್ಯಾಮೆರಾ ಇಟ್ಟು ಕೋನಪ್ಪನನ್ನು ಕೂರಿಸಿದರು. ಮುಖಕ್ಕೆ ಆಗಲೇ ಬಣ್ಣ ಬಳಿದುಕೊಂಡಿದ್ದ. ನಿನ್ನ ಜೀವನದ ಕತೆ ಹೇಳು ಅಂದರು. ಬೆಳಗ್ಗೆ, ನಮ್ಮಪ್ಪ ಆನೆ ಮಾವುತ, ಆನೆ ಸತ್ತ ದುಃಖಕ್ಕೆ ತಾನೂ ಸತ್ತ ಅಂತ ಅತ್ತ. ಊಟವಾದ ಮೇಲೆ, ಹೊಳೆಯಲ್ಲಿ ಮೊರದ ಮೇಲೆ ತೇಲಿ ಬಂದ ಅನಾಥ ತಾನು ಅಂತ ಅತ್ತ. ಮೂರು ಗಂಟೆಗೆ ಅವರಪ್ಪ ಪೊಲೀಸ್ ಆಗಿಬಿಟ್ಟ. ನಾನು ಮೂರನ್ನೂ ಚಾಚೂ ತಪ್ಪದೆ ಕನ್ನಡದಲ್ಲಿ ಹೇಳಿದೆ.

ಡೈರೆಕ್ಟರು ತಲೆ ಮೇಲೆ ಕೈ ಹೊತ್ತುಕೊಂಡು, ಇದರಲ್ಲಿ ನಿಜ ಯಾವುದು ಕೇಳಿ ಮೇಷ್ಟ್ರೇ ಅಂದರು. ಕೇಳಿದೆ.

"ಮೀಕು ಏದಿ ಕಾವಾಲ ಸಾರ್?" ನಿಮಗೆ ಯಾವುದು ಬೇಕು ಅಂತ ಅವನೇ ತಿರುಗಿ ಕೇಳಿದ. ಮೂರಕ್ಕೂ ಒಂದೇ ಸಮ ಕಣ್ಣೀರು ಹಾಕಿದ್ದೀನಿ, ಯಾವುದಕ್ಕೂ ಕಮ್ಮಿ ಮಾಡಿಲ್ಲ ಅಂತ ಬೇರೆ ಸೇರಿಸಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಎರೆಹುಳಾನೂ ಸ್ಕೇಲಿಟ್ಟ ಹಾಗೆ ನೆಟ್ಟಗೆ ಹೋಗಬೇಕು ನಿಮಗೆ ಅಂತ ಶ್ಯಾಮಲ ಹಂಗಿಸೋಳು. ಹಂಗಿಸಲಿ, ಸುಳ್ಳು ನನಗೆ ಸೇರುವುದಿಲ್ಲ. ಸೇರದ ಕೆಲಸಕ್ಕೆ ಕೈ ಹಾಕಿ ಕೂತಿದ್ದೇನೆ.

ಜನವರಿ 21, ಬುಧವಾರ

ಇವತ್ತು ಮೊದಲನೇ ವೇಷ, ಶಿವ ಪಾರ್ವತಿ. ಕೋನಪ್ಪ ಶಿವ, ಅವನ ಬಾಮೈದ ಮುನಿಶಾಮಿ ಪಾರ್ವತಿ. ಈ ಮುನಿಶಾಮಿಗೆ ಇಪ್ಪತ್ತಾರು ವರ್ಷ, ಬರೀ ಹೆಣ್ಣುವೇಷ. ಸೆರಗು ಹೊದ್ದು ನಿಂತರೆ ಬಾವಿಯ ಹತ್ತಿರ ಹೆಂಗಸರೇ ಸರಿದು ದಾರಿ ಬಿಡುತ್ತಾರೆ. ಶಿವನ ಕಂಠಕ್ಕೆ ಮಾತ್ರ ಇಂಕಿನ ನೀಲಿ ಬಳಿದಿದ್ದರು, ನೋಡೋಕಾಗಲಿಲ್ಲ. ಬಟ್ಟಲು ಇಸಕೊಂಡು ಬಿಳಿ ಸಫೇದ ಬೆರೆಸಿ, ಒಂದಿಷ್ಟು ಕಾಡಿಗೆ ಹಾಕಿ ಕಲಸಿಕೊಟ್ಟೆ. ಕೋನಪ್ಪ ಕನ್ನಡಿ ನೋಡಿಕೊಂಡು ನನ್ನ ಕಡೆ ಕೈ ಮುಗಿದ. ಮುಗಿದದ್ದು ಕೋನಪ್ಪನೋ ಶಿವನೋ ತಿಳಿಯಲಿಲ್ಲ.

ಬೀದಿಗೆ ಹೋದ ಮೇಲೆ ಇನ್ನೊಂದು ಫಜೀತಿ. ಹೋದ ವರ್ಷ ಈ ಕೋನಪ್ಪ ರೇಷನ್ ಕಾರ್ಡಿನ ಆಫೀಸರ ವೇಷದಲ್ಲಿ ಬಂದು, ಅರ್ಧ ಊರನ್ನು ಬಿಸಿಲಲ್ಲಿ ಕ್ಯೂ ನಿಲ್ಲಿಸಿ ಹೆಸರು ಬರೆದುಕೊಂಡಿದ್ದ. ಆರನೇ ದಿನ ರಾಗಿಗೆ ಬಂದಾಗಲೇ ಜನಕ್ಕೆ ಗೊತ್ತಾಗಿದ್ದು. ಈ ಸಲ ಮೋಸ ಹೋಗಬಾರದು ಅಂತ ಊರಿಗೆ ಊರೇ ತೀರ್ಮಾನ ಮಾಡಿಕೊಂಡಿದೆ. ಗಡ್ಡ, ಹರಿದ ಪ್ಯಾಂಟು, ಮೂರು ಕಾಲಿನ ಕ್ಯಾಮೆರಾ ಕಂಡದ್ದೇ ತಡ, ಓಹೋ, ಈ ಸಲ ಸಿನಿಮಾದೋರ ವೇಷ ಅಂದುಬಿಟ್ಟರು.

ಕ್ಯಾಮೆರಾ ನೋಡಬೇಡಿ, ಸಹಜವಾಗಿರಿ ಅಂತ ಡೈರೆಕ್ಟರು ಕೂಗಿದಷ್ಟೂ ಚಪ್ಪಾಳೆ. ಒಬ್ಬ ಅಜ್ಜಿ ಬಂದು ಗಡ್ಡ ಹಿಡಿದು ಎಳೆದು ನೋಡಿದಳು. ಬರಲಿಲ್ಲ. ಗೋಂದು ಚೆನ್ನಾಗಿ ಹಾಕವ್ರೆ ಅಂದಳು. ಇವರು ನಿಜವಾಗಲೂ ಸಿನಿಮಾದವರೇ ಕಣ್ರಪ್ಪ ಅಂತ ನಾನು ಬಿಡಿಸಿ ಹೇಳಿದೆ. ಮೇಷ್ಟ್ರನ್ನೂ ಸೇರಿಸ್ಕೊಂಡುಬಿಟ್ಟವ್ರೆ ಅಂತ ಇನ್ನೂ ಜೋರಾಗಿ ನಕ್ಕರು.

ಇವರೆಲ್ಲ ಯಾಕೆ ನಗುತ್ತಿದ್ದಾರೆ ಅಂತ ಡೈರೆಕ್ಟರು ಕೇಳಿದರು. ಏನಂತ ಹೇಳಲಿ? ಸಂತೋಷಕ್ಕೆ ಸಾರ್ ಅಂದೆ.

ಜನವರಿ 22, ಗುರುವಾರ

ನೋಡುವ ಜನರ ಮಾತೂ ಬೇಕು ಅಂತ ಡೈರೆಕ್ಟರು ಗಂಗುಲಮ್ಮನವರನ್ನು ಅವರ ಜಗಲಿಯ ಮೇಲೆ ಕೂರಿಸಿ ಕೇಳಿದರು. ಇದು ಸುಳ್ಳು ಅಂತ ಗೊತ್ತಿದ್ದೂ ಯಾಕೆ ನೋಡ್ತೀರಿ ಅಂತ ಪ್ರಶ್ನೆ. "ವರ್ಷವೆಲ್ಲ ನಾವು ನಾವೇ ಆಗಿರ್ತೀವಲ್ಲಪ್ಪ, ಸಾಕಾಗಲ್ವಾ?" ಅಂದರು ಅವರು. ಡೈರೆಕ್ಟರು ಅದನ್ನು ಬರೆದುಕೊಳ್ಳಲಿಲ್ಲ. ಡೈರೆಕ್ಟರದೂ ವೇಷವೇ ಅಂತ ನಂಬಿಕೊಂಡು ಗಂಗುಲಮ್ಮನವರು ಉದ್ದಕ್ಕೂ ಮುಸಿಮುಸಿ ನಗುತ್ತಿದ್ದರು.

ಸಿನಿಮಾದವರು ಆ ಕಡೆ ಹೋದ ಮೇಲೆ ಗಂಗುಲಮ್ಮನವರು ನನ್ನನ್ನು ಕೂರಿಸಿಕೊಂಡು, ಇವತ್ತು ಗುರುವಾರ ಅಲ್ವಾ ಮೇಷ್ಟ್ರೇ ಅಂದರು. ಹೌದು ಅಂದೆ. ಶ್ಯಾಮಲ ಟಾಕೀಸಿನಲ್ಲಿ ಹೇಗಿರುತ್ತಿದ್ದಳು ಅಂತ ಹೇಳಿದರು. ನಾನು ಕೇಳಿರಲಿಲ್ಲ, ಅವರೇ ಹೇಳಿದರು. ದೀಪ ಆರಿದ ಕೂಡಲೇ ಅಳಲು ಶುರು ಮಾಡುತ್ತಿದ್ದಳಂತೆ. ಪರದೆಯ ಮೇಲೆ ಜನ ಬಿದ್ದು ಬಿದ್ದು ನಗುವ ಜಾಗದಲ್ಲೂ ಅಳು. ಇಂಟರ್‌ವಲ್ ಹೊತ್ತಿಗೆ ಮುಗಿಸಿ, ನಲ್ಲಿಯಲ್ಲಿ ಮುಖ ತೊಳೆದುಕೊಂಡು ಕಡಲೆಕಾಯಿ ತಗೊಂಡು ಬರುತ್ತಿದ್ದಳು. ಮಿಕ್ಕ ಅರ್ಧ ಸಿನಿಮಾ ನಗು.

ನಮಗೊಂದು ಹೆಣ್ಣು ಮಗು ಹುಟ್ಟಿ ಹನ್ನೊಂದು ದಿನಕ್ಕೆ ಹೋಯಿತು, ಎಪ್ಪತ್ತೊಂದರಲ್ಲಿ. ಆಮೇಲೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಅವಳು ಅತ್ತದ್ದು ನಾನು ನೋಡಿಲ್ಲ. ಗಟ್ಟಿ ಹೆಂಗಸು ಅಂದುಕೊಂಡಿದ್ದೆ. ಯಾರದೋ ದುಃಖಕ್ಕೆ ಅಳುತ್ತೀಯಲ್ಲ ಅಂತ ನಾನು ರೇಗಿಸಿದರೆ, ನಮ್ಮ ದುಃಖಕ್ಕೆ ಅಳೋಕೆ ಮನೇಲಿ ಪುರುಸೊತ್ತೆಲ್ಲಿದೆ ಅಂತ ಸೌಟು ಆಡಿಸಿಕೊಂಡು ಒಳಗೆ ಹೋಗೋಳು. ತಮಾಷೆ ಅಂದುಕೊಂಡು ನಾನೂ ನಗುತ್ತಿದ್ದೆ. ಎಂಥ ದಡ್ಡ ನಾನು.

ಗಂಗುಲಮ್ಮನವರು ಅಷ್ಟಕ್ಕೇ ಬಿಡಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಸಿನಿಮಾದಲ್ಲಿದ್ದವರನ್ನೆಲ್ಲ ಅಣಕಿಸಿ ತೋರಿಸುತ್ತಿದ್ದಳಂತೆ. "ನಿಮ್ಮನ್ನೂ ಮಾಡ್ತಿದ್ಲು ಮೇಷ್ಟ್ರೇ. ಪೆನ್ಸಿಲ್ ಕಿವಿಗೆ ಸಿಗಿಸ್ಕೊಂಡು, ಈ ಸಾರಿನ ಬಣ್ಣದಲ್ಲಿ ಏನೋ ಕಮ್ಮಿ ಆಗಿದೆ ಅನ್ನೋಳು. ಕಂಡಕ್ಟರ್ ಟಿಕೆಟ್ ಕೊಡೋದು ಬಿಟ್ಟು ನಗೋನು."

ನನಗೆ ಅವಮಾನವಾಯಿತು. ಇಡೀ ಗೌರಿಬಿದನೂರು ಬಸ್ಸಿಗೆ ನಾನು ಹಾಸ್ಯದ ಪಾರ್ಟು ಆಗಿದ್ದೆನಲ್ಲ, ನನಗೊಬ್ಬನಿಗೇ ಗೊತ್ತಿಲ್ಲ.

ಈ ಡೈರಿ ತೆಗೆದದ್ದು ಯಾವುದಕ್ಕೆ, ಬರೆಯುತ್ತಿರುವುದು ಏನು? ನಾಲ್ಕು ದಿನದಿಂದ ಬರೀ ವೇಷದವರ ಸಮಾಚಾರ. ನೆನಪು ಮಾಡಿಕೊಳ್ಳಲು ಕೂತ ಕೆಲಸ ಹಾಗೇ ನಿಂತಿದೆ.

ಜನವರಿ 23, ಶುಕ್ರವಾರ

ಇವತ್ತು ನನ್ನಿಂದ ಒಂದು ತಪ್ಪಾಯಿತು.

ಬೆಳಗಿನ ವೇಷ ಮುಗಿಸಿ ಕೋನಪ್ಪ ಬಣ್ಣ ತರಲು ಗೌರಿಬಿದನೂರಿಗೆ ಹೋಗಿದ್ದ, ಮುಖ ತೊಳೆಯದೆ, ಬಣ್ಣದ ಮೇಲೆ ಟವೆಲ್ ಸುತ್ತಿಕೊಂಡು. ಡೈರೆಕ್ಟರಿಗೆ ವೇಷ ನೋಡಿ ನೋಡಿ ಬೇಸರ ಬಂದಿತ್ತು. ಬಣ್ಣದ ಹಿಂದಿನ ಮನುಷ್ಯ ಬೇಕು, ಮುನಿಶಾಮಿಗೆ ಮುಖ ತೊಳೆದು ಬಂದು ಕೂರಲು ಹೇಳಿ ಅಂದರು. ಹೇಳಿದೆ. ಮುನಿಶಾಮಿ ಬೇಡ ಅನ್ನುವ ಹಾಗೆ ಏನೋ ಗೊಣಗಿದ, ಬಾವ ಬರಲಿ ಅಂದ. ಡೈರೆಕ್ಟರು ಬಿಸಿಲು ಹೋಗುತ್ತದೆ ಅಂತ ಅವಸರ ಮಾಡಿದರು. ಏನೂ ಆಗಲ್ಲ ಕೂತ್ಕೊಳಯ್ಯ ಅಂತ ನಾನೇ ಗದರಿದೆ. ಮೇಷ್ಟ್ರು ಹೇಳಿದ ಮೇಲೆ ಇನ್ನೇನು ಅಂತ ಅವನು ಮುಖ ತೊಳೆದು ಬಂದು ಕೂತ. ಹೆಣ್ಣುವೇಷದವನು ಅಂತ ಹೆಣ್ಣು ಕೊಡುವುದಿಲ್ಲ, ಊರೂರಲ್ಲಿ ಪಡ್ಡೆ ಹುಡುಗರು ಕೈ ಹಿಡಿದು ಎಳೆಯುತ್ತಾರೆ, ವೇಷ ಕಟ್ಟಿದಾಗ ಮಾತ್ರ ಯಾರೂ ಮುಟ್ಟುವುದಿಲ್ಲ ಅಂದ. ಇದು ಸುಳ್ಳಲ್ಲ ಅಂತ ನೋಡಿದರೆ ತಿಳಿಯುತ್ತಿತ್ತು. ಮೂವತ್ತು ನಲವತ್ತು ಜನ ಸುತ್ತ ನಿಂತು ನೋಡಿದರು.

ನಾಲ್ಕು ಗಂಟೆ ಬಸ್ಸಿಗೆ ಕೋನಪ್ಪ ಬಂದ. ಬಾಮೈದನ ಬರೀ ಮುಖ ನೋಡಿ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ. ಬೈಯಲಿಲ್ಲ. ಅವರ ನೇಮ ಏನು ಅಂತ ನನಗೆ ಹೇಳಿದ. ಒಂದು ಊರಲ್ಲಿ ಐದು ದಿನ ಐದು ವೇಷ. ಅಲ್ಲಿಯವರೆಗೆ ಊರಿನವರಿಗೆ ಬರೀ ಮುಖ ತೋರಿಸಬಾರದು, ವೇಷದಲ್ಲಿದ್ದಾಗ ಸ್ವಂತ ಹೆಸರು ಹಿಡಿದು ಕರೆದರೆ ಓಗೊಡಬಾರದು. ಆರನೇ ದಿನ ಬರೀ ಮುಖದಲ್ಲಿ ಮನೆಮನೆಗೆ ಹೋಗಿ ನಿಂತು ರಾಗಿ ಪಡೆಯುವುದು. ಬರೀ ಮುಖ ಕಂಡಿತು ಅಂದರೆ ಅವನ ವೇಷ ಆ ಊರಿನಲ್ಲಿ ಆ ವರ್ಷಕ್ಕೆ ಮುಗಿಯಿತು.

"ಇನ್ನು ಅವನು ಏನು ಕಟ್ಟಿದ್ರೂ ಜನಕ್ಕೆ ಮುನಿಶಾಮಿನೇ ಕಾಣೋದು ಸಾರ್. ಐದು ವೇಷ ಆಗದೆ ನಾವು ಯಾರ ಬಾಗಿಲಲ್ಲೂ ಹೋಗಿ ನಿಂತ್ಕಳಂಗಿಲ್ಲ."

ಮಂಚೇನಹಳ್ಳಿಯ ರಾಗಿ ಅಂದರೆ ಅವರಿಗೆ ಮೂರು ತಿಂಗಳ ಊಟ. ನಾಲ್ಕನೇ ವೇಷ ದಫೇದಾರ, ಅದಕ್ಕೆ ಕೋನಪ್ಪ ಒಬ್ಬನೇ ಸಾಕು. ಐದನೆಯದು ಗಂಡ ಹೆಂಡತಿ ಜಗಳ, ಊರು ಕಾಯುವುದೇ ಅದಕ್ಕೆ. ಅದಕ್ಕೆ ಹೆಂಡತಿ ಬೇಕು.

"ಅವನನ್ನ ಕೂರಿಸಿದ್ದು ನೀವು," ಅಂದ ಕೋನಪ್ಪ. "ಬರೀ ಮುಖದ ನೇಮ ನಮ್ಮೋರಿಗೆ, ಊರಿನೋರಿಗಿಲ್ಲ. ಹೆಂಡತಿಯಾಗಿ ನೀವೇ ನಿಂತ್ಕಬೇಕು."

ಜನವರಿ 24, ಶನಿವಾರ

ಸಾಧ್ಯವಿಲ್ಲ ಅಂತ ಬೆಳಗ್ಗೆ ಹೇಳಿ ಕಳಿಸಿದೆ. ನಲವತ್ತೇಳು ವರ್ಷದ ಮೇಷ್ಟ್ರು, ನಾನು ಕಲಿಸಿದ ಹುಡುಗಿಯರೇ ಈ ಊರಲ್ಲಿ ತಾಯಂದಿರಾಗಿದ್ದಾರೆ. ಟೀ ಕಾಯಿಸಿಕೊಂಡು ಕೂತೆ, ಯೋಚನೆಯಲ್ಲಿ ಅದು ಆರಿಹೋಯಿತು. ಆರಿಸಿ ಕುಡಿಯೋರಿಗೆ ಸೌದೆ ದಂಡ, ತಣ್ಣೀರಿಗೇ ಪುಡಿ ಹಾಕಿಕೊಡ್ತೀನಿ ಬಿಡಿ ಅನ್ನೋಳು ಶ್ಯಾಮಲ. ಮತ್ತೆ ಬಿಸಿ ಮಾಡಿ ಕುಡಿದೆ.

ಸಾಯಂಕಾಲ ಕ್ಷೌರದ ಅಂಗಡಿಗೆ ಹೋಗಿ ಮೀಸೆ ತೆಗೆಸಿಕೊಂಡು ಬಂದೆ.

ಜನವರಿ 25, ಭಾನುವಾರ

ಅಕ್ಷರ ಸೊಟ್ಟಗೆ ಬರುತ್ತಿದೆ. ಬರಲಿ.

ಸೀರೆ ಮನೆಯಲ್ಲಿಲ್ಲವಾ ಅಂತ ಕೋನಪ್ಪ ಕೇಳಿದ. ಇದೆ, ಆದರೆ ಶ್ಯಾಮಲಳ ಟ್ರಂಕು ತೆಗೆಯುವ ಧೈರ್ಯ ಬರಲಿಲ್ಲ. ಮುನಿಶಾಮಿಯ ಹಸಿರು ಸೀರೆಯನ್ನೇ ಉಟ್ಟೆ. ಅವನೇ ನೆರಿಗೆ ಹಿಡಿದು ಕೊಟ್ಟ, ಮುಖಕ್ಕೆ ಬಣ್ಣ ನಾನೇ ಹಚ್ಚಿಕೊಂಡೆ. ಮಾತು ಏನು ಆಡಬೇಕು ಅಂತ ಕೇಳಿದರೆ, ಗಂಡ ಬೈತಾನೆ, ಹೆಂಡತಿ ಉತ್ತರ ಕೊಡ್ತಾಳೆ, ಅಷ್ಟೇ ಸಾರ್, ಅದೇನು ಬರೆದಿಟ್ಟಿರ್ತಾರಾ ಅಂದ ಕೋನಪ್ಪ.

ನಮ್ಮ ಬೀದಿಯಲ್ಲೇ ನಿಲ್ಲಿಸಿದ. ಇನ್ನೂರು ಜನಕ್ಕೆ ಮೋಸವಿಲ್ಲ. ಎದುರಿಗೆ ಡೈರೆಕ್ಟರ ಕ್ಯಾಮೆರಾ. ಕೋನಪ್ಪ ಪಂಚೆ ಎತ್ತಿ ಕಟ್ಟಿ, ನಾನು ಗದ್ದೆಯಿಂದ ಬರೋ ಹೊತ್ತಿಗೆ ಎಲ್ಲಿ ಹೋಗಿದ್ದೆ ಅಂತ ಗುಡುಗಿದ. ನಾನು ಸೆರಗು ಎಳೆದುಕೊಂಡೆ. ಮತ್ತೆ ಗುಡುಗಿದ. ಮೇಷ್ಟ್ರೇ ಮಾತಾಡ್ರಿ ಅಂತ ಯಾರೋ ಹಿಂದಿನಿಂದ ಕೂಗಿದರು. ಓಗೊಡಬಾರದು ಅನ್ನುವುದೊಂದೇ ನನಗೆ ನೆನಪಿದ್ದದ್ದು. ತಲೆ ತಗ್ಗಿಸಿ ನಿಂತುಬಿಟ್ಟೆ. ಆಗ ಕೋನಪ್ಪ, ಸಾರಿಗೆ ಉಪ್ಪೇ ಇಲ್ಲ, ಇದೇನು ಅಡಿಗೇನಾ ಅಂದ.

"ಉಪ್ಪು ಅಲ್ಲೇ ಇದೆ. ಕೈ ನಿಮಗೂ ಇದೆ. ದೇವರು ಅದನ್ನ ಬರೀ ಪೆನ್ಸಿಲ್ ಹಿಡಿಯೋಕೆ ಕೊಟ್ಟಿದ್ದಾನಾ?"

ಅದು ನನ್ನ ಬಾಯಿಂದಲೇ ಬಂತು. ಜನ ಬೀದಿ ಬಿರಿಯುವ ಹಾಗೆ ನಕ್ಕರು. ಕೋನಪ್ಪನ ಕಣ್ಣು ಮಿಂಚಿತು. ಗದ್ದೆಯ ರೈತನಾಗಿ ನಿಂತಿದ್ದವನು ನೆಲದಿಂದ ಒಂದು ಕಡ್ಡಿ ಎತ್ತಿ ಕಿವಿಗೆ ಸಿಗಿಸಿಕೊಂಡು, ಬೆನ್ನು ಸ್ವಲ್ಪ ಬಾಗಿಸಿ, ನಾನೇ ಆಗಿಬಿಟ್ಟ. ಆಮೇಲೆ ನಡೆದದ್ದು ನನಗೆ ಪೂರ್ತಿ ನೆನಪಿಲ್ಲ. ಮುಖ ನೋಡಿ ಮಾತಾಡಿ, ಗೋಡೆಗೇನು ತಾಳಿ ಕಟ್ಟಿದ್ದೀರಾ ಅಂದೆ. ಹೊಸ ಸೀರೆ ಉಟ್ಟು ಬಂದರೆ ಚೆನ್ನಾಗಿದೆ ಅನ್ನೋರು ಗಂಡಸರು, ನೀವು ಹಳದಿಗೆ ಕೆಂಪು ಜಾಸ್ತಿ ಆಯ್ತು ಅಂತೀರಿ ಅಂದೆ. ಕೋನಪ್ಪ ಬೈದಷ್ಟೂ ಮಾತು ತಾವಾಗಿ ಬಂದವು. ಮುಕ್ಕಾಲು ಗಂಟೆ ಆಯಿತಂತೆ.

ಗಂಗುಲಮ್ಮನವರು ತಮ್ಮ ಬಾಗಿಲಲ್ಲಿ ನಿಂತಿದ್ದರು. ಮೊದಲು ನಕ್ಕರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರಿಗೆ ನೋವು ಮಾಡಿದೆ ಅಂತ ಆಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಸೌಂಡಿನ ಮಿಷನ್ನಿನ ಬ್ಯಾಟರಿ ಶುರುವಿನಲ್ಲೇ ಹೋಗಿತ್ತಂತೆ, ಬರೀ ಚಿತ್ರ ಬಂದಿದೆ, ಮಾತು ಬಂದಿಲ್ಲ. ಡೈರೆಕ್ಟರು ಅದಕ್ಕೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಇದು ಹೇಗೂ ನಾಟಕವಲ್ಲವಾ ಮೇಷ್ಟ್ರೇ, ನಮಗೆ ಬೇಕಾದ ನಿಜ ಮೊನ್ನೆ ಮುನಿಶಾಮಿ ಕೊಟ್ಟಿದ್ದಾನೆ ಅಂದರು.

ಜನವರಿ 26, ಸೋಮವಾರ

ಬೆಳಗ್ಗೆ ಸ್ಕೂಲಿನಲ್ಲಿ ಬಾವುಟ ಹಾರಿಸಿದೆವು. ಮೀಸೆಯಿಲ್ಲದ ನನ್ನನ್ನು ನೋಡಿ ಮಕ್ಕಳು ರಾಷ್ಟ್ರಗೀತೆಯ ಮಧ್ಯೆ ಕಿಸಕ್ಕನೆ ನಕ್ಕವು. ಹೆಡ್ ಮೇಷ್ಟ್ರು ನನ್ನ ತುಟಿಯ ಮೇಲೆ ಕಣ್ಣಿಟ್ಟುಕೊಂಡೇ ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ಭಾಷಣ ಮಾಡಿ ಮುಗಿಸಿದರು. 

ಅಲ್ಲಿಂದ ನೇರ ಕೋನಪ್ಪನ ಜತೆ ಮನೆಮನೆಗೆ. ವೇಷ ಕಟ್ಟಿದವರು ಆರನೇ ದಿನ ಬರಲೇಬೇಕಂತೆ. ಬರೀ ಮುಖದ ಕೋನಪ್ಪನನ್ನು ನಾನು ಸರಿಯಾಗಿ ನೋಡಿದ್ದು ಇವತ್ತೇ. ಎಡಗಡೆ ಕೆನ್ನೆ ಒಳಕ್ಕೆ ಹೋಗಿದೆ, ಹಲ್ಲಿಲ್ಲ, ನನಗಿಂತ ವಯಸ್ಸಾದವನು. ನನ್ನ ನೆರೆಹೊರೆಯ ಬಾಗಿಲುಗಳಲ್ಲಿ ಪಂಚೆಯ ತುದಿ ಹಿಡಿದು ನಿಲ್ಲುವಾಗ ಮೊದಲ ಎರಡು ಮನೆ ಕಷ್ಟವಾಯಿತು. ಆಮೇಲೆ ಆಗಲಿಲ್ಲ.

ಡೈರೆಕ್ಟರು ಇದನ್ನೆಲ್ಲ ಚಿತ್ರ ತೆಗೆಯುತ್ತಾ ಹಿಂದೆ ಬರುತ್ತಿದ್ದರು. ಗಡ್ಡ ಎಳೆದಿದ್ದ ಅಜ್ಜಿ ಒಂದು ಮೊರ ರಾಗಿ ತಂದು ಅವರ ಮುಂದೆಯೇ ಹಿಡಿದಳು. ಅವರು ಬೇಡ ಬೇಡ ಅಂತ ಹಿಂದಕ್ಕೆ ಸರಿದರು. ಕಮ್ಮಿ ಆಯ್ತೇನಪ್ಪ ಅಂತ ಅಜ್ಜಿ ಮುಖ ಚಿಕ್ಕದು ಮಾಡಿಕೊಂಡಳು.

ತಗೊಳ್ಳಿ ಸಾರ್, ಇಷ್ಟು ಚೆನ್ನಾಗಿ ವೇಷ ಕಟ್ಟಿದ್ದೀರಿ ಅಂತ ಕೊಡ್ತಿದ್ದಾರೆ, ಬೇಡ ಅಂದರೆ ಬೇಜಾರಾಗುತ್ತದೆ ಅಂದೆ.

"ಆದರೆ ನಾನು ಯಾವ ವೇಷಾನೂ ಹಾಕಿಲ್ಲವಲ್ಲ ಮೇಷ್ಟ್ರೇ," ಅಂದರು.

ಅಜ್ಜಿ ಮೊರ ಹಿಡಿದೇ ನಿಂತಿದ್ದಳು. ಡೈರೆಕ್ಟರು ಕ್ಯಾಮೆರಾ ಕೆಳಗಿಟ್ಟು, ಜೋಳಿಗೆಯ ಬಾಯಿ ಅಗಲಿಸಿ ಹಿಡಿದರು.

ಗಂಗುಲಮ್ಮನವರ ಬಾಗಿಲಿಗೆ ಕೊನೆಗೆ ಹೋದೆವು. ಎರಡು ಸೇರು ಅಳೆದು ಬೇರೆ ಬೇರೆ ಹಾಕಿದರು. ಒಂದು ಕೋನಪ್ಪನಿಗೆ, ಇನ್ನೊಂದು ನಿನ್ನೆ ಬಂದಿದ್ದೋಳಿಗೆ ಅಂದರು. ನನ್ನ ಮುಖ ನೋಡಲಿಲ್ಲ.

ಫೆಬ್ರವರಿ 12, ಗುರುವಾರ

ಕೆಲಸದ ಮೇಲೆ ಗೌರಿಬಿದನೂರಿಗೆ ಹೋಗಿದ್ದೆ. ಮ್ಯಾಟಿನಿಗೆ ಹೊತ್ತಾಗಿತ್ತು, ಒಳಗೆ ಹೋದೆ. ಸಿನಿಮಾ ಅಂಥಾ ಚೆನ್ನಾಗಿರಲಿಲ್ಲ. ಇಂಟರ್‌ವಲ್‌ನಲ್ಲಿ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ಕಡಲೆಕಾಯಿ ತಿಂದೆ.

ಜುಲೈ 5, ಭಾನುವಾರ

ಎಷ್ಟು ತಿಂಗಳಾಯಿತು ಈ ಡೈರಿ ಮುಟ್ಟಿ. ಇವತ್ತಿನದನ್ನು ಬರೆಯದೆ ಮಲಗುವ ಹಾಗಿಲ್ಲ.

ಡೈರೆಕ್ಟರು ಸಿನಿಮಾ ಮುಗಿಸಿ, ನಿಮಗೆ ತೋರಿಸದಿದ್ದರೆ ತಪ್ಪಾಗುತ್ತದೆ ಅಂತ ಪ್ರೊಜೆಕ್ಟರು ಹೊತ್ತುಕೊಂಡು ಬಂದಿದ್ದರು. ಬರುವ ದಾರಿಯಲ್ಲಿ ಕೋನಪ್ಪನನ್ನೂ ಮುನಿಶಾಮಿಯನ್ನೂ ಹುಡುಕಿ ಜೀಪಿನಲ್ಲಿ ಕರೆತಂದಿದ್ದರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಸ್ಕೂಲಿನ ಹಾಲಿನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲು ಮಾಡಿದೆವು. ಹೆಂಗಸರು ಮುಂದೆ ಚಾಪೆಯ ಮೇಲೆ, ನಾವು ಹಿಂದೆ ಬೆಂಚಿನ ಮೇಲೆ.

ಮೊದಲು ಕೆರೆ, ಗುಡಾರ, ಒಲೆಯ ಹೊಗೆ. ಆಮೇಲೆ ಮುನಿಶಾಮಿಯ ಬರೀ ಮುಖ. ಅವನು ಹೇಳಿದ್ದನ್ನು ತೆಲುಗಿನಲ್ಲೇ ಇಟ್ಟಿದ್ದರು. ಅವನನ್ನು ರೇಗಿಸುತ್ತಿದ್ದ ಹುಡುಗರೂ ಅಲ್ಲೇ ಇದ್ದರು, ತಲೆ ಬಗ್ಗಿಸಿ ಕೂತಿದ್ದರು. ಅದು ಈ ಸಿನಿಮಾ ಮಾಡಿದ ಪುಣ್ಯದ ಕೆಲಸ. ಮಿಕ್ಕಿದ್ದಕ್ಕೆಲ್ಲ ಒಬ್ಬ ದಪ್ಪ ಗಂಟಲಿನವನು ಪುಸ್ತಕದ ಕನ್ನಡದಲ್ಲಿ ವಿವರಣೆ ಕೊಡುತ್ತಿದ್ದ. ಇವರು ನತದೃಷ್ಟರು ಅಂತ ಮೂರು ಸಲ ಅಂದ. ಪಕ್ಕದಲ್ಲಿ ಕೂತಿದ್ದ ಕೋನಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ, ಹಂಗಂದ್ರೆ ಏನು ಸಾರ್ ಅಂದ. ದೊಡ್ಡ ಕಲಾವಿದರು ಅಂತ ಅರ್ಥ ಅಂದೆ. ಅವನು ಬೆನ್ನು ನೆಟ್ಟಗೆ ಮಾಡಿ ಕೂತ.

ಆಮೇಲೆ ನಮ್ಮ ಬೀದಿ ಬಂತು. ಹಸಿರು ಸೀರೆಯ ಹೆಂಗಸು ತಲೆ ತಗ್ಗಿಸಿ ನಿಂತಿದ್ದಾಳೆ, ಕೋನಪ್ಪ ಕೈ ಬೀಸಿ ಬೈಯುತ್ತಿದ್ದಾನೆ. ಮಾತು ಕೇಳಿಸುವುದಿಲ್ಲ. ಅದರ ಮೇಲೆ ಆ ದಪ್ಪ ಗಂಟಲು, ಹೀಗೆ ಸುಳ್ಳಿನಲ್ಲೇ ಬದುಕುತ್ತ ಈ ಜನ ತಮ್ಮ ನಿಜವಾದ ಮುಖವನ್ನೇ ಮರೆತಿದ್ದಾರೆ ಅಂತ ಶುರು ಮಾಡಿತು.

ಈಗ ಉಪ್ಪಿನ ಮಾತು ಬರ್ತದೆ ನೋಡ್ರೇ ಅಂದಳು ಮುಂದಿನ ಸಾಲಿನವಳೊಬ್ಬಳು. ಉಪ್ಪು ಅಲ್ಲೇ ಇದೆ, ಕೈ ನಿಮಗೂ ಇದೆ ಅಂತ ಇನ್ನೊಬ್ಬಳು ಹೇಳಿಯೇಬಿಟ್ಟಳು. ಹಾಲೆಲ್ಲ ನಗು. ಅಲ್ಲಿಂದ ಪರದೆಯ ಮೇಲೆ ತುಟಿ ಅಲ್ಲಾಡಿದಾಗಲೆಲ್ಲ ಚಾಪೆಯ ಮೇಲಿನಿಂದ ಒಂದೊಂದು ಮಾತು. ಆ ದಿನ ನಾನು ಆಡಿದ್ದ ಮಾತುಗಳು ಮುಗಿದವು, ಆಡದೇ ಇದ್ದ ಮಾತುಗಳೂ ಬಂದವು. ರೇಷನ್ ಅಂಗಡಿಯ ಕ್ಯೂನಲ್ಲಿ ಶ್ಯಾಮಲ ಅಂದದ್ದು, ಬಾವಿಯ ಹತ್ತಿರ ಅಂದದ್ದು, ಯಾರದೋ ಬಾಣಂತನದಲ್ಲಿ ಅಂದದ್ದು. ಒಬ್ಬೊಬ್ಬರ ಹತ್ತಿರವೂ ಒಂದೊಂದು ಇತ್ತು. ವಿವರಣೆಯವನು ಏನು ಹೇಳಿದನೋ ಯಾರಿಗೂ ಕೇಳಿಸಲಿಲ್ಲ. ಡೈರೆಕ್ಟರು ಎದ್ದು ಹೋಗಿ ಅವನ ಸೌಂಡು ಕಮ್ಮಿ ಮಾಡಿದರು.

ನಗು ಸ್ವಲ್ಪ ಇಳಿದ ಮೇಲೆ, ಮಧ್ಯದಲ್ಲಿ ಕೂತಿದ್ದ ಗಂಗುಲಮ್ಮನವರು ಪರದೆಯ ಕಡೆ ನೋಡಿಕೊಂಡೇ ಕೇಳಿದರು.

"ಶ್ಯಾಮಲಾ, ಮೇಷ್ಟ್ರು ಹೆಂಗಿದ್ದಾರೆ ಕಣೇ ಈಗ?"

 ಪ್ರೊಜೆಕ್ಟರು ಕಟಕಟ ತಿರುಗುತ್ತಿತ್ತು. ಈ ಮಾತಿಗೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಪರದೆಯ ಮೇಲೆ ಅವಳು ಸೆರಗು ಸರಿಮಾಡಿಕೊಂಡು ನಮ್ಮ ಕಡೆ ತಿರುಗಿದಳು, ಬಾಯಿ ತೆರೆದಳು.

"ಪರವಾಗಿಲ್ಲ ಕಣಕ್ಕ," ಅಂದೆ ನಾನು, ಹಿಂದಿನ ಬೆಂಚಿನಿಂದ. "ಹತ್ತೊಂಬತ್ತು ವರ್ಷ ಹೇಳಿದೆ. ಈಗ ಈಗ ನನ್ನ ಮಾತು ಕಿವಿ ಮೇಲೆ ಹಾಕ್ಕೊಳ್ತಾ ಇದ್ದಾರೆ."

ಯಾರೂ ಹಿಂದಕ್ಕೆ ತಿರುಗಿ ನೋಡಲಿಲ್ಲ.